ಡಿಸ್ಚಾರ್ಜ್ ಚೀಟಿಯ ನಂತರದ 18 ತಿಂಗಳು: ಕೊಡಗು ಜಿಲ್ಲಾಡಳಿತಕ್ಕೂ ಊರಿನವರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ, ಸಮಾಜಗಳ ಹಿರಿಯರಿಗೆ ಮತ್ತು ತೋಟದ ಮಾಲೀಕರಿಗೆ,

ವಂದನೆಗಳು.

ಜೀವ ಕಳೆದುಕೊಳ್ಳಲು ಹೋಗಿ ಉಳಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಅವರ ಜೊತೆ ಯಾರಿರುತ್ತಾರೆ, ಎಷ್ಟು ದಿನ ಇರುತ್ತಾರೆ ಎಂಬುದು ಈ ಪತ್ರದ ವಿಷಯ. ವಾರ್ಡಿನಲ್ಲಿ ಇರುವಷ್ಟು ದಿನ ನೆಂಟರು, ನರ್ಸು, ಡಾಕ್ಟರು ಸುತ್ತ ಇರುತ್ತಾರೆ. ಬಾಡಿಗೆ ಜೀಪು ಮನೆಯಂಗಳದಲ್ಲಿ ಇಳಿಸಿ ಹೋದ ಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಅಪಾಯ ಅತಿ ಹೆಚ್ಚು ಇರುವುದು ಆಗಲೇ: ಮೊದಲ ವಾರ, ಅಲ್ಲಿಂದ ಮೂರು ತಿಂಗಳು. ನಮ್ಮ ವ್ಯವಸ್ಥೆ ತೀರಾ ತೆಳುವಾಗಿರುವುದೂ ಅಲ್ಲೇ.

ವಿಶ್ವ ಆತ್ಮಹತ್ಯೆ ತಡೆ ದಿನವಾದ ಸೆಪ್ಟೆಂಬರ್ 10ಕ್ಕೆ ಜಾಥಾ, ಬ್ಯಾನರ್, ಒಂದು ಉಪನ್ಯಾಸ ನಡೆಯುವುದು ಬೇಡ ಎನ್ನುವುದಿಲ್ಲ. ಆದರೆ ಜಾಥಾ ನೋಡಿ ಯಾರೂ ಮನಸ್ಸಿನೊಳಗಿನದನ್ನು ಹೊರಗೆ ಹಾಕುವುದಿಲ್ಲ. ಎರಡನೇ ಸಲ, ಮೂರನೇ ಸಲ ಹುಡುಕಿಕೊಂಡು ಬಂದವರ ಹತ್ತಿರ ಹಾಕುತ್ತಾರೆ. ಇದು ಬರೀ ಭಾವನೆಯ ಮಾತಲ್ಲ, ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ, ಬ್ರೆಜಿಲ್‌ನ ಕಂಪಿನಾಸ್, ಇರಾನ್‌ನ ಕರಜ್, ಚೀನಾದ ಯುನ್‌ಚೆಂಗ್ ಎಂಬ ಐದು ಊರುಗಳ ಆಸ್ಪತ್ರೆಗಳಲ್ಲಿ ಒಂದು ಅಧ್ಯಯನ ಮಾಡಿತು. ಆತ್ಮಹತ್ಯೆಗೆ ಯತ್ನಿಸಿ ಬಂದ 1,867 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆಗೆ ಮನೆಗೆ ಹೋಗುವ ಮುಂಚೆ ಒಂದು ಗಂಟೆಯ ಮಾತುಕತೆ, ಆಮೇಲೆ ಫೋನಿನಲ್ಲೋ ಮನೆಗೆ ಹೋಗಿಯೋ ಒಂಬತ್ತು ಸಂಪರ್ಕ. ಯಾವಾಗ ಎಂದರೆ 1, 2, 4, 7 ಮತ್ತು 11ನೇ ವಾರ. ಬಳಿಕ 4, 6, 12 ಮತ್ತು 18ನೇ ತಿಂಗಳು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹದಿನೆಂಟು ತಿಂಗಳಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 2.2, ಸಂಪರ್ಕವಿದ್ದ ಗುಂಪಿನಲ್ಲಿ 0.2. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಕರಾರುವಾಕ್ಕಾದ ದಿನಕ್ಕೆ ಒಬ್ಬರು ಬಂದು ‘ಹೇಗಿದ್ದೀರಿ’ ಎಂದು ಕೇಳಿದ್ದಷ್ಟೇ.

ಇದಕ್ಕೂ ಹಿಂದೆ, 1969ರಿಂದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು ಇನ್ನೂ ಸರಳವಾದದ್ದೊಂದನ್ನು ಮಾಡಿ ನೋಡಿದರು. ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷಗಳಲ್ಲಿ 24 ಪುಟ್ಟ ಪತ್ರ ಬರೆಸಿದರು. ನಮ್ಮಲ್ಲಿಂದ ಹೋಗಿ ಸ್ವಲ್ಪ ದಿನವಾಯಿತು, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬರೆಯಬೇಕು ಅನ್ನಿಸಿದರೆ ಬರೆಯಿರಿ ಎಂಬ ಧಾಟಿಯ ಎರಡು ಸಾಲು. ಅಪಾಯಿಂಟ್‌ಮೆಂಟ್ ನೆನಪಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಪತ್ರ ತಲುಪಿದವರಲ್ಲಿ ಮೊದಲ ಎರಡು ವರ್ಷ ಸಾವು ಕಡಿಮೆ ಇತ್ತು. ಏನನ್ನೂ ಕೇಳದೆ ಬಂದ ಪತ್ರವಾದ್ದರಿಂದಲೇ ಅದು ನಾಟಿತು ಎಂಬುದು ನಮ್ಮ ಅಂದಾಜು.

ಈಗ ಇದನ್ನು ಕೊಡಗಿನ ಕ್ಯಾಲೆಂಡರಿನ ಮೇಲೆ ಇಟ್ಟು ನೋಡೋಣ. ಒಬ್ಬರು ಜೂನ್ 5ಕ್ಕೆ ಮಡಿಕೇರಿಯಲ್ಲಿ ಡಿಸ್ಚಾರ್ಜ್ ಆದರು ಎನ್ನಿ. ಒಂದನೇ ವಾರ ಜೂನ್ 12, ಎರಡನೆಯದು ಜೂನ್ 19. ನಾಲ್ಕನೇ ವಾರ ಜುಲೈ 3, ಏಳನೆಯದು ಜುಲೈ 24, ಹನ್ನೊಂದನೆಯದು ಆಗಸ್ಟ್ 21. ಅಂದರೆ ಅತಿ ಮುಖ್ಯವಾದ ಐದೂ ಸಂಪರ್ಕಗಳು ಮಳೆಗಾಲಕ್ಕೇ ಬಂದು ಬಿದ್ದವು, ಏಳನೇ ವಾರದ್ದು ಕಕ್ಕಡದಲ್ಲಿ, ಅಂದರೆ ಮಳೆ ಜೋರಾಗಿರುವ ಕೊಡವ ತಿಂಗಳಿನಲ್ಲಿ. ಕಂಬ ಬಿದ್ದರೆ ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕ್ ಇಲ್ಲ, ಫೋನಿಗೆ ಚಾರ್ಜ್ ಇಲ್ಲ. ತೋಟದ ಕೆಲಸ ಕಡಿಮೆ, ಕೈಯಲ್ಲಿ ಕಾಸು ಕಡಿಮೆ, ಮನೆಯೊಳಗೇ ಕೂರಬೇಕು, ಕತ್ತಲಾಗುವ ಮುಂಚೆಯೇ ಬಾಟಲಿ ತೆರೆಯುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರಿಗೆ ಜೋರು ಮಳೆಯ ಸದ್ದೇ ನಿದ್ದೆ ಕೆಡಿಸಲು ಸಾಕು. ಆದ್ದರಿಂದ ‘ಫಾಲೋಅಪ್ ಕಾಲ್’ ಎಂದು ಕಾಗದದಲ್ಲಿ ಬರೆದು ಕೈತೊಳೆದುಕೊಂಡರೆ ಈ ಜಿಲ್ಲೆಯಲ್ಲಿ ಅದು ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆ ಭೇಟಿಯೇ ಮೊದಲ ದಾರಿ, ಫೋನ್ ಎರಡನೆಯದು, ಎರಡೂ ಆಗದ ಕಡೆಗೆ ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ. ಕಾರ್ಡು ಬೇಡ, ದಾರಿಯಲ್ಲಿ ನಾಲ್ಕು ಜನ ಓದುತ್ತಾರೆ.

ಅದೇ ವ್ಯಕ್ತಿಗೆ ನಾಲ್ಕನೇ ತಿಂಗಳು ತುಲಾ ಸಂಕ್ರಮಣದ ಹೊತ್ತಿಗೆ, ಆರನೆಯದು ಹುತ್ತರಿ ಮತ್ತು ಅರೇಬಿಕಾ ಕುಯ್ಲಿನ ಹೊತ್ತಿಗೆ ಬೀಳುತ್ತದೆ. ‘ಈಗ ಕೆಲಸದಲ್ಲಿದ್ದಾರೆ, ಚೆನ್ನಾಗಿದ್ದಾರೆ’ ಎಂದುಕೊಂಡು ಎಲ್ಲರೂ ಭೇಟಿ ತಪ್ಪಿಸುವುದು ಈ ಎರಡನ್ನೇ. ತಪ್ಪಿಸಬಾರದು.

ಭೇಟಿ ಎಂದರೆ ಏನು? ಹತ್ತು ನಿಮಿಷ ಸಾಕು. ನಿದ್ದೆ ಹೇಗಿದೆ, ಊಟ ಸೇರುತ್ತಿದೆಯಾ, ಸಾಯುವ ಯೋಚನೆ ಮತ್ತೆ ಬಂತಾ, ಬಂದಾಗ ಏನು ಮಾಡಿದಿರಿ, ಮಾತ್ರೆ ಮುಗಿದಿದೆಯಾ, ಏನಾದರೂ ಸಹಾಯ ಬೇಕಾ. ಹೊರಡುವಾಗ ಮುಂದಿನ ಭೇಟಿಯ ದಿನ ಹೇಳಬೇಕು, ಆ ದಿನ ಬರಲೇಬೇಕು. ‘ಸೋಮವಾರ ಬರ್ತೇನೆ’ ಎಂದು ಗುರುವಾರ ಹೋದರೆ ಅಷ್ಟರ ಮಟ್ಟಿಗೆ ನಂಬಿಕೆ ಹೋಯಿತು. ಪ್ರತಿ ಸಲ ಬೇರೆ ಬೇರೆಯವರು ಹೋಗುವುದೂ ಹಾಗೆಯೇ. ಒಂದೇ ಕತೆಯನ್ನು ಐದು ಜನರ ಮುಂದೆ ಬಿಚ್ಚಿಡಲು ಯಾರಿಗೂ ಮನಸ್ಸಾಗದು. ಒಬ್ಬರಿಗೆ ಒಬ್ಬರೇ ಸಂಪರ್ಕದವರು, ಅವರು ರಜೆಯಾದರೆ ಹೋಗಲು ಮೊದಲೇ ಪರಿಚಯವಾದ ಇನ್ನೊಬ್ಬರು. ಐದು ಊರುಗಳ ಆ ಅಧ್ಯಯನದಲ್ಲಿ ಈ ಕೆಲಸ ಮಾಡಿದವರು ವೈದ್ಯರು, ನರ್ಸುಗಳು, ಮನಶ್ಶಾಸ್ತ್ರಜ್ಞರು ಎಂಬುದನ್ನು ಮರೆಯಬಾರದು. ಇಲ್ಲಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮಾಡಲಿ, ದಾರಿ ಗೊತ್ತಿರುವ ಆಶಾ ಕಾರ್ಯಕರ್ತೆ ಜೊತೆಗಿರಲಿ. ಇಡೀ ಹೊರೆಯನ್ನು ಆಶಾ ಹೆಗಲಿಗೇ ಹಾಕುವುದು ನ್ಯಾಯವಲ್ಲ, ಕೆಲಸವೂ ಆಗುವುದಿಲ್ಲ.

ಇಲಾಖೆಯ ಬೋರ್ಡಿರುವ ಜೀಪಿನಲ್ಲಿ ಹೋಗಬೇಡಿ. ಮರುದಿನ ಊರಿಗೆಲ್ಲ ಸುದ್ದಿ. ಬಿ.ಪಿ., ಶುಗರ್ ನೋಡಲು ನಾಲ್ಕು ಮನೆಗೆ ಹೋಗುವ ದಿನವೇ ಐದನೆಯದಾಗಿ ಆ ಮನೆಗೂ ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕೇಳುವ ರೀತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರೂ ಎಡವುವುದು ಇಲ್ಲಿ. ಸಾಯುವ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ವ್ಯಾಪಕವಾಗಿದೆ. ಹಾಗೆ ಆಗುವುದಿಲ್ಲವೆಂದು ಹಲವು ಸಂಶೋಧನೆಗಳು ತೋರಿಸಿವೆ. ಕೇಳಿದ್ದರಿಂದ ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ. ಆದರೆ ‘ಹುಚ್ಚು ಯೋಚನೆ ಗೀಚನೆ ಏನೂ ಇಲ್ಲ ತಾನೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವನ್ನು ನಾವೇ ಬಾಯಿಗೆ ಇಟ್ಟಂತೆ. ಬದಲಿಗೆ ಹೀಗೆ: ‘ಇಷ್ಟೆಲ್ಲ ಒಟ್ಟಿಗೆ ಬಂದಾಗ ಕೆಲವರಿಗೆ ಸತ್ತುಬಿಡೋಣ ಅನ್ನಿಸುತ್ತೆ. ಅಣ್ಣ, ನಿಮಗೂ ಹಾಗೆ ಅನ್ನಿಸಿದೆಯಾ?’ ಕೇಳಿದ ಮೇಲೆ ಸುಮ್ಮನಿರಬೇಕು. ಮೌನ ಉದ್ದವಾದರೆ ನಮಗೆ ಕಸಿವಿಸಿಯಾಗುತ್ತದೆ, ಅವರಿಗಲ್ಲ. ಅವರು ಮಾತು ಹುಡುಕುತ್ತಿರುತ್ತಾರೆ. ‘ಹೌದು’ ಎಂದರೆ ಮುಂದಿನ ಪ್ರಶ್ನೆಗಳು: ಹೇಗೆ ಅಂತ ಯೋಚಿಸಿದ್ದೀರಾ, ಅದು ಕೈಗೆ ಸಿಗುವಂತಿದೆಯಾ, ಯಾವಾಗ ಅಂತ ಮನಸ್ಸಿನಲ್ಲಿದೆಯಾ, ಇಷ್ಟು ದಿನ ನಿಮ್ಮನ್ನು ಹಿಡಿದಿಟ್ಟದ್ದು ಯಾವುದು. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮಗಳ ಪರೀಕ್ಷೆಯೋ ಕರು ಹಾಕಬೇಕಾದ ಹಸುವೋ, ಬರುವ ಉತ್ತರವೇ ಆ ಹೊತ್ತಿನ ಆಧಾರ.

ಎದುರುಬದುರು ಕುರ್ಚಿ ಹಾಕಿ ವಿಚಾರಣೆ ಮಾಡಿದಂತೆ ಕೂರಬೇಡಿ. ಕಣದಲ್ಲಿ ಕಾಫಿ ಎಳೆಯುತ್ತಾ, ಮೆಣಸು ಆರಿಸುತ್ತಾ, ತೋಟದಲ್ಲಿ ಪಕ್ಕಪಕ್ಕ ನಡೆಯುತ್ತಾ ಆಡುವ ಮಾತು ಸಲೀಸು, ಗಂಡಸರಿಗಂತೂ. ಭಾಷೆಯೂ ಅಷ್ಟೇ ಮುಖ್ಯ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಎರವ ಭಾಷೆಯಲ್ಲೋ ಮಲಯಾಳದಲ್ಲೋ ಅಳುವವರನ್ನು ಶಿಷ್ಟ ಕನ್ನಡದಲ್ಲಿ ಪ್ರಶ್ನಿಸಿದರೆ ಅವರು ಅರ್ಜಿ ಕೊಡುವವರ ಹಾಗೆ ಉತ್ತರ ಕೊಡುತ್ತಾರೆ. ಸಂಪರ್ಕದವರನ್ನು ಗೊತ್ತು ಮಾಡುವಾಗ ಮನೆಮಾತು ನೋಡಿ.

ಆಣೆ ಹಾಕಿಸಬೇಡಿ. ‘ಇಗ್ಗುತಪ್ಪನ ಮೇಲೆ ಆಣೆ ಮಾಡು, ಇನ್ನೊಮ್ಮೆ ಹಾಗೆ ಮಾಡಲ್ಲ ಅಂತ’ ಎಂದು ಹಿರಿಯರು ಕೈ ಹಿಡಿದು ಕೇಳುವುದು ಪ್ರೀತಿಯಿಂದಲೇ. ಆದರೆ ಮುಂದೆ ಅಂಥ ಯೋಚನೆ ಬಂದಾಗ ಹೇಳಿಕೊಂಡರೆ ಆಣೆ ಮುರಿದಂತೆ ಎಂದು ಆ ಹುಡುಗ ಬಾಯಿ ಮುಚ್ಚುತ್ತಾನೆ. ಕೇಳಬೇಕಾದದ್ದು ಇನ್ನೊಂದು: ‘ಯೋಚನೆ ಬಂದರೆ ರಾತ್ರಿ ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸ್ತೀಯಾ?’ ಹಾಗೆಯೇ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಜೀವಕ್ಕೆ ಅಪಾಯವಿದ್ದರೆ ಇನ್ನೊಬ್ಬರಿಗೆ ಹೇಳಬೇಕಾಗುತ್ತದೆ, ಯಾರಿಗೆ ಎಂಬುದನ್ನು ನಿಮ್ಮನ್ನು ಕೇಳಿಯೇ ತೀರ್ಮಾನಿಸೋಣ ಎನ್ನಿ. ಕುಡಿದಾಗ ಆಡಿದ ಮಾತನ್ನು ‘ಬಾಟಲಿ ಮಾತು’ ಎಂದು ತಳ್ಳಿಹಾಕುವುದು ನಮ್ಮ ಜಿಲ್ಲೆಯ ದೊಡ್ಡ ತಪ್ಪು. ಆ ರಾತ್ರಿ ಒಬ್ಬರು ಜೊತೆಗಿರಿ, ವಾದ ಬೇಡ. ಬೆಳಿಗ್ಗೆ ಇಳಿದ ಮೇಲೆ ಕಾಫಿ ಕೊಟ್ಟು ಅದೇ ಪ್ರಶ್ನೆ ಕೇಳಿ.

ಟೆಲಿ-ಮಾನಸ್‌ನ 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ಉಚಿತ ಸಂಖ್ಯೆ, ದಿನದ 24 ಗಂಟೆಯೂ, ಕನ್ನಡದಲ್ಲೂ ಸಿಗುತ್ತದೆ. 1800-891-4416 ಎಂದರೂ ಅದೇ. ಈ ಸಾಲು ಓದುತ್ತಿರುವವರಿಗೇ ಬದುಕು ಭಾರವಾಗಿದ್ದರೆ ಪತ್ರವನ್ನು ಇಲ್ಲಿಗೇ ಬಿಟ್ಟು ಮೊದಲು ಆ ಸಂಖ್ಯೆಗೆ ಕರೆ ಮಾಡಿ, ಇಲ್ಲವೇ ಪಕ್ಕದಲ್ಲಿರುವವರನ್ನು ಕರೆಯಿರಿ. ಇನ್ನೊಬ್ಬರಿಗೆ ನೆರವಾಗುವವರು ನಂಬರು ಬರೆದುಕೊಟ್ಟು ಹೊರಡಬಾರದು. ಒಟ್ಟಿಗೆ ಕೂತು ನೀವೇ ಡಯಲ್ ಮಾಡಿ, ಸ್ಪೀಕರಿಗೆ ಹಾಕಿ, ‘ನನ್ನ ಪಕ್ಕದಲ್ಲಿ ಒಬ್ಬರಿದ್ದಾರೆ, ಅವರು ಮಾತಾಡ್ತಾರೆ’ ಎಂದು ಶುರು ಮಾಡಿಕೊಟ್ಟು, ಬೇಕೆಂದರೆ ಎದ್ದು ಹೋಗಿ. ಮೊದಲು ಎತ್ತುವವರು ಆಪ್ತಸಮಾಲೋಚಕರು, ಅಗತ್ಯ ಬಿದ್ದರೆ ತಜ್ಞರಿಗೆ ದಾಟಿಸುತ್ತಾರೆ ಎಂಬುದನ್ನು ಮೊದಲೇ ಹೇಳಿದ್ದರೆ ಮಧ್ಯದಲ್ಲಿ ಫೋನ್ ಇಡುವುದು ತಪ್ಪುತ್ತದೆ. ಯೋಚನೆಯೂ ದಾರಿಯೂ ಸಮಯವೂ ಮೂರೂ ಸ್ಪಷ್ಟವಾಗಿದ್ದರೆ ಮಾತಿನಲ್ಲೇ ನಿಲ್ಲಬೇಡಿ: ಒಬ್ಬರೇ ಬಿಡಬಾರದು, 108ಕ್ಕೆ ಕರೆದು ಆಸ್ಪತ್ರೆ ಸೇರಿಸಬೇಕು.

ಇನ್ನು ಕೋವಿ ಮತ್ತು ತೋಟದ ಔಷಧಿ, ಅಂದರೆ ಕೀಟನಾಶಕ. ಕೋವಿ ಬೇಡ ಎಂಬ ಮಾತನ್ನು ಇಲ್ಲಿ ಯಾರೂ ಆಡುತ್ತಿಲ್ಲ. ಕೈಲ್‌ಪೊಳ್ದ್‌ಗೆ (ಆಯುಧಗಳ ಹಬ್ಬಕ್ಕೆ) ಪೂಜೆಗಿಡುವ, ಗಂಡುಮಗು ಹುಟ್ಟಿದರೆ ಗಾಳಿಗೆ ಗುಂಡು ಹಾರಿಸುವ ನಾಡಿದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ನಾವು ಹೇಳುವುದು ಕೆಲವು ತಿಂಗಳ ಮಾತು. ಸಾಯಲೇಬೇಕೆಂಬ ತುಡಿತ ಎಷ್ಟೋ ಜನರಲ್ಲಿ ನಿಮಿಷಗಳಲ್ಲಿ ಏರಿ ಗಂಟೆಗಳಲ್ಲಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದೇ ಸಾವು ಬದುಕಿನ ಅಂತರ. ‘ಒಂದು ಸಿಗದಿದ್ದರೆ ಇನ್ನೊಂದು ಹುಡುಕ್ತಾರೆ ಬಿಡಿ’ ಎಂಬ ಮಾತು ನಿಜವಲ್ಲ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. 1995ರಲ್ಲಿ ಲಕ್ಷಕ್ಕೆ 57 ಇದ್ದ ಆತ್ಮಹತ್ಯೆ ಪ್ರಮಾಣ 2015ಕ್ಕೆ 17ಕ್ಕೆ ಇಳಿಯಿತು.

ಕೋವಿಯನ್ನು ಮನೆಯಿಂದ ಹೊರಗಿಡಲು ಹೇಳಬೇಕಾದವರು ಒಕ್ಕದ (ಮನೆತನದ) ಹಿರಿಯರಾದ ಪಟ್ಟೆದಾರರೋ ಅವರು ಗೌರವಿಸುವ ಇನ್ನೊಬ್ಬರೋ. ಧಾಟಿ ‘ನಿನ್ನ ಮೇಲೆ ನಂಬಿಕೆ ಇಲ್ಲ’ ಎಂದಾಗಬಾರದು. ‘ಸ್ವಲ್ಪ ದಿನ ಬೇರೆ ಕಡೆ ಇರಲಿ, ನೀನು ಸುಧಾರಿಸಿದ ಮೇಲೆ ನಾನೇ ತಂದುಕೊಡ್ತೇನೆ’ ಎಂದರೆ ಮಾನವೂ ಉಳಿಯುತ್ತದೆ. ಆದರೆ ಒಂದು ತೊಡಕಿದೆ. ಬೇರೆಯವರ ಮನೆಯಲ್ಲಿಟ್ಟರೆ ಕಾನೂನು ಏನೆನ್ನುತ್ತದೋ, ಠಾಣೆಗೆ ಕೊಟ್ಟರೆ ವಾಪಸ್ ಬರುತ್ತದೋ ಇಲ್ಲವೋ, ವಿನಾಯಿತಿಗೇ ಕುತ್ತು ಬಂದೀತೋ ಎಂದು ಹೆದರಿ ಮನೆಯವರು ಅದೇ ಬೀರುವಿನಲ್ಲಿ ಬಿಡುತ್ತಾರೆ. ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೆ ಗೊತ್ತಿಲ್ಲ? ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ನಮ್ಮ ಮನವಿ ಇದು: ಕಾರಣ ಕೇಳದೆ, ಕೇಸು ಮಾಡದೆ, ಕೋವಿಯನ್ನು ಸ್ವಇಚ್ಛೆಯಿಂದ ತಾತ್ಕಾಲಿಕವಾಗಿ ಠಾಣೆಯಲ್ಲಿಟ್ಟು ರಸೀದಿ ಪಡೆದು, ಕೇಳಿದಾಗ ಹಿಂತಿರುಗಿ ಪಡೆಯುವ ವ್ಯವಸ್ಥೆ ಹೇಗೆ ಎಂದು ಒಂದು ಸುತ್ತೋಲೆ ಹೊರಡಿಸಿ. ಸಂಬಂಧಿಕರ ಮನೆಯಲ್ಲಿ ಇಡಬಹುದಾದರೆ ಯಾವ ಕಾಗದಪತ್ರ ಇರಬೇಕೆಂಬುದನ್ನೂ ಅದರಲ್ಲೇ ಬರೆಯಿರಿ.

ತೋಟದ ಔಷಧಿಯ ಬಗ್ಗೆ ಮಾಲೀಕರಿಗೆ: ಅವತ್ತಿನ ಸಿಂಪಡಣೆಗೆ ಬೇಕಾದಷ್ಟನ್ನೇ ಸ್ಟೋರಿನಿಂದ ಕೊಡಿ, ಸಂಜೆ ಉಳಿದದ್ದನ್ನೂ ಖಾಲಿ ಬಾಟಲಿಯನ್ನೂ ಎಣಿಸಿ ವಾಪಸ್ ತೆಗೆದುಕೊಳ್ಳಿ, ಕೀಲಿ ಸ್ಟೋರಿನ ಜವಾಬ್ದಾರಿ ಇರುವ ಒಬ್ಬರ ಬಳಿಯೇ ಇರಲಿ. ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಮಂಚದ ಕೆಳಗೆ ಅರ್ಧ ಬಾಟಲಿ ಇರಲೇಬಾರದು. ಮನೆಗೊಂದು ಬೀಗದ ಪೆಟ್ಟಿಗೆ ಹಂಚಿದರೆ ಸಾಕಲ್ಲವೇ ಎಂದು ಕೇಳಬಹುದು. ಶ್ರೀಲಂಕಾದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಅದನ್ನು ಪರೀಕ್ಷಿಸಿ ನೋಡಿದ್ದಾರೆ. 2017ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ಪೆಟ್ಟಿಗೆ ಮನೆಯಲ್ಲಿದ್ದರೆ ಕೀಲಿಯೂ ಮನೆಯಲ್ಲೇ ಇರುತ್ತದಲ್ಲ. ಮನೆಯಿಂದ ದೂರ, ಇನ್ನೊಬ್ಬರ ಕೈದಾಟಿ ಬರಬೇಕಾದ ಜಾಗವೇ ಬೇಕು.

ಲೈನ್ ಮನೆಗಳ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಅಸ್ಸಾಂ, ಜಾರ್ಖಂಡ್‌ನಿಂದ ಬಂದವರು ಕುಯ್ಲು ಮುಗಿದರೆ ಬೇರೆ ತೋಟಕ್ಕೆ ಹೋಗುತ್ತಾರೆ, ಸಿಮ್ ಬದಲಾಗುತ್ತದೆ, ಸಂಪರ್ಕ ಕಡಿದುಹೋಗುತ್ತದೆ. ಆಗ ಸಿಬ್ಬಂದಿ ಮಾಡುವ ಸುಲಭದ ಕೆಲಸವೆಂದರೆ ರೈಟರ್ ಅಥವಾ ಮೇಸ್ತ್ರಿಯ ನಂಬರು ಬರೆದುಕೊಳ್ಳುವುದು. ಸಂಬಳ ಬರೆಯುವವರ, ಮುಂಗಡ ಸಾಲ ಕೊಟ್ಟವರ ಎದುರು ಯಾರು ಮನಸ್ಸು ಬಿಚ್ಚುತ್ತಾರೆ? ಕೆಲವೊಮ್ಮೆ ಸಂಕಟದ ಮೂಲವೇ ಆ ಸಾಲ. ಬೇರೆ ನಂಬರು ಯಾರದು ಕೊಡಲಿ ಎಂದು ಅವರನ್ನೇ ಕೇಳಿ: ಊರಿನ ತಂಗಿ, ಪಕ್ಕದ ಲೈನಿನ ಗೆಳತಿ. ಎರಡು ನಂಬರು, ಎರಡಕ್ಕೂ ಅವರ ಒಪ್ಪಿಗೆ. ಟೆಲಿ-ಮಾನಸ್ ಸುಮಾರು 20 ಭಾಷೆಗಳಲ್ಲಿದೆ, ಅವರ ಭಾಷೆ ಆರಿಸಿಕೊಡಿ.

ಕೇಸಿನ ಭಯವನ್ನೂ ತೆಗೆಯಬೇಕು. ಠಾಣೆಗೆ ಎಳೆಯುತ್ತಾರೆಂದು ಹೆದರಿ ಆಸ್ಪತ್ರೆಗೆ ತಡವಾಗಿ ತರುವುದು, ತಂದ ಮೇಲೂ ‘ಗೊತ್ತಾಗದೆ ಆಯ್ತು’ ಎಂದು ಡಾಕ್ಟರಿಗೇ ಸುಳ್ಳು ಹೇಳುವುದು ಇಂದಿಗೂ ಇದೆ. ಸುಳ್ಳು ಹೇಳಿದರೆ ದೇಹಕ್ಕೆ ಚಿಕಿತ್ಸೆ ಸಿಕ್ಕೀತು, ಮನಸ್ಸಿನ ಮಾತು ಕೇಸ್ ಶೀಟಿನಿಂದಲೇ ಹೊರಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೇ ಕಲಂ ಪ್ರಕಾರ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. ಹಳೆಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲು ಮಾಡುವ ಯತ್ನಕ್ಕೆ ಮಾತ್ರ 226ನೇ ಕಲಂ ಇದೆ. ಪ್ರತಿ ತುರ್ತು ವಿಭಾಗದ ಗೋಡೆಯ ಮೇಲೆ ಇದನ್ನು ಎರಡು ಸಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ. ಹೇಳಿಕೆ ಪಡೆಯಲು ಬರುವ ಸಿಬ್ಬಂದಿ ವಾರ್ಡಿನಲ್ಲಿ ಎಲ್ಲರೆದುರು ಗದರಿಸದಿರಲಿ. ಬೇರೆ ಕೋಣೆ, ಮೆಲುದನಿ, ಹತ್ತು ನಿಮಿಷ.

ಸಾವು ಆಗಿಹೋದ ಮನೆಯನ್ನೂ ಇದೇ ಪಟ್ಟಿಗೆ ಸೇರಿಸಿ. ಮಾದ (ಸಾವಿನ ನಂತರದ ಕರ್ಮ) ಮುಗಿಯುವವರೆಗೆ ಜನ ಇರುತ್ತಾರೆ, ಆಮೇಲೆ ಆ ಮನೆಯ ದಾರಿ ತಪ್ಪಿಸಿ ನಡೆಯುತ್ತಾರೆ, ಏನು ಮಾತಾಡುವುದೆಂದು ತೋಚದೆ. ‘ಯಾಕಂತೆ?’ ಎಂದು ಕೇಳದೆ, ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಆ ಮನೆಯವರಿಗೂ ಅಪಾಯ ಹೆಚ್ಚಿರುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ, ಚೀಟಿ, ವಿಧಾನ ಹಂಚಿಕೊಳ್ಳುವವರನ್ನು ಅಡ್ಮಿನ್‌ಗಳು ಆ ಕ್ಷಣವೇ ತಡೆಯಲಿ.

ಹಣದ ಮಾತು ಬರುತ್ತದೆಂದು ಗೊತ್ತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈಗಾಗಲೇ ಇದೆ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ, ಉಪಕೇಂದ್ರಗಳಿವೆ. ಬೇಕಾದದ್ದು ಪ್ರತಿ ಆಸ್ಪತ್ರೆಯಲ್ಲಿ ಒಂದು ರಿಜಿಸ್ಟರ್, ಒಳಗೆ ಒಬ್ಬೊಬ್ಬರಿಗೆ ಒಂದು ಪುಟ, ಪುಟದಲ್ಲಿ ಡಿಸ್ಚಾರ್ಜ್ ದಿನವೇ ಭರ್ತಿ ಮಾಡಿದ ಒಂಬತ್ತು ತಾರೀಖು, ಸಂಪರ್ಕದವರ ಹೆಸರು, ಎರಡು ನಂಬರು. ಹೊದಿಕೆಯ ಮೇಲೆ ಕಾಯಿಲೆಯ ಹೆಸರು ಬೇಡ, ಕಪಾಟಿಗೆ ಬೀಗ ಬೇಕು. ಫೋನ್ ಎತ್ತದಿದ್ದರೆ ಅದೇ ದಿನ ಇನ್ನೊಮ್ಮೆ, ಮರುದಿನ ಬೆಳಿಗ್ಗೆ ಎರಡನೇ ನಂಬರಿಗೆ, ಮಧ್ಯಾಹ್ನದೊಳಗೆ ಮನೆಗೆ. ತಿಂಗಳ ಪರಿಶೀಲನಾ ಸಭೆಯಲ್ಲಿ ಎಷ್ಟು ಶಿಬಿರ ನಡೆಸಿದಿರಿ ಎಂದು ಕೇಳುವ ಜಾಗದಲ್ಲಿ, ಈ ತಿಂಗಳು ಎಷ್ಟು ತಾರೀಖು ಬಿದ್ದಿತ್ತು, ಎಷ್ಟು ತಪ್ಪಿತು, ತಪ್ಪಿದ್ದಕ್ಕೆ ಮರುದಿನ ಯಾರು ಹೋದರು ಎಂದು ಕೇಳಿ. ಭೇಟಿ ಮಾಡುವ ಸಿಬ್ಬಂದಿ ತಿಂಗಳಿಗೊಮ್ಮೆ ಮನೋವೈದ್ಯರ ಜೊತೆ ಕೂತು ತಮ್ಮ ಭಾರ ಇಳಿಸಿಕೊಳ್ಳಲು ಎರಡು ಗಂಟೆ ಕೊಡಿ; ಇಲ್ಲದಿದ್ದರೆ ವರ್ಷದೊಳಗೆ ಅವರೇ ಕೆಲಸ ಬಿಡುತ್ತಾರೆ, ಪುಟಗಳು ಖಾಲಿ ಉಳಿಯುತ್ತವೆ.

ಠಾಣೆಯ ಸುತ್ತೋಲೆ, ಆಸ್ಪತ್ರೆಯ ರಿಜಿಸ್ಟರ್, ತುರ್ತು ವಿಭಾಗದ ಗೋಡೆ ಬರಹ, ಇವು ಮೂರೂ ಮುಂದಿನ ಜೂನ್ ಮಳೆ ಹಿಡಿಯುವ ಮುಂಚೆ ಆಗಬೇಕೆಂದು ಕೋರುತ್ತೇವೆ. ಆಗುವುದಿದ್ದರೆ ಯಾವ ತಾರೀಖಿಗೆ, ಆಗದಿದ್ದರೆ ಏಕೆ ಎಂಬ ಉತ್ತರವನ್ನು ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿ.

ಇಂತಿ,
ಕೊಡಗಿನಲ್ಲಿ ಮಾನಸಿಕ ಆರೋಗ್ಯದ ಕೆಲಸದಲ್ಲಿರುವ ಕೆಲವರು